ಏವ್‌ಬರಿಯಲ್ಲಿ ಲಿಥಾ ರಾತ್ರಿ: ಹೋಗಿ ಬನ್ನಿ, ಆದ್ರೆ ಆ ಟೀ ಮಾತ್ರ ಕೇಳಿ ಕುಡೀರಿ

ಇಂಗ್ಲೆಂಡಿನ ಸ್ವಿಂಡನ್‌ಗೆ ಬಂದು ಆರು ವರ್ಷ ಆಯ್ತು, ಹಳೇ ಕಾಲದ ದೊಡ್ಡ ಕಲ್ಲುಗಳ ವೃತ್ತ ಇರೋ ಏವ್‌ಬರಿ ಊರು ನಮ್ಮನೆಯಿಂದ ಕಾರಲ್ಲಿ ಅರ್ಧ ಗಂಟೆ ಅಷ್ಟೇ, ಆದ್ರೂ ವರ್ಷದಲ್ಲೇ ಉದ್ದದ ಹಗಲಿನ ಹಬ್ಬಕ್ಕೆ, ಅಂದ್ರೆ ಲಿಥಾಗೆ ಅಂತ ಅಲ್ಲಿಗೆ ಹೋಗಿದ್ದು 2025ರಲ್ಲೇ ಮೊದಲು. ವಿಕ್ಕನ್ ಪದ್ಧತಿ (ಪ್ರಕೃತಿಯನ್ನ ಪೂಜಿಸೋ ಒಂದು ಪಂಥ) ಪಾಲಿಸೋ ಇಬ್ರು ಹೆಂಗಸ್ರು ಸೇರಿ ನಡೆಸೋ ಕಾರ್ಯಕ್ರಮ, ಹೊರಗಿನೋರೂ ಬರಬಹುದು, ತಲೆಗೆ 35 ಪೌಂಡ್, ಜೂನ್ 20ರ ಸಂಜೆ ಏಳಕ್ಕೆ ಶುರುವಾಗಿ ಮಾರನೇ ದಿನ ಸೂರ್ಯ ಹುಟ್ಟೋವರೆಗೆ. ಅಮ್ಮಂಗೆ ಫೋನಲ್ಲಿ ಹೇಳಿದ್ರೆ "ಮಾಟ ಮಾಡೋರ ಹತ್ರ ಯಾಕೆ ಹೋಗ್ತೀಯೇ" ಅಂತ ಗಾಬರಿ ಆದ್ರು. ಮಾಟ ಅಲ್ಲಮ್ಮಾ, ಸೂರ್ಯಂಗೆ ಪೂಜೆ ಅಂದೆ, ಆಮೇಲೆ ಸುಮ್ನಾದ್ರು.

ನಂಗೆ ತುಂಬಾ ಇಷ್ಟ ಆಗಿದ್ದು ಅವ್ರ ಪ್ರಾಮಾಣಿಕತೆ. ಹಿಂದೊಮ್ಮೆ ಬೇರೆ ಟೂರಲ್ಲಿ ಬಂದಾಗ ಗೈಡು ಎಲ್ಲಾನೂ ಐದು ಸಾವಿರ ವರ್ಷದ ಸಂಪ್ರದಾಯ ಅಂತ ಹೇಳ್ಬಿಟ್ಟಿದ್ದ. ಇವ್ರು ಹಾಗಲ್ಲ, ಮೊದಲು ಹುಲ್ಲಿನ ಮೇಲೆ ಎಲ್ಲರನ್ನೂ ಕೂರಿಸಿ ಇದ್ದಿದ್ದು ಇದ್ದಹಾಗೆ ಹೇಳಿದ್ರು. ಇಂಗ್ಲೆಂಡಲ್ಲಿ ಮಾಟಗಾತಿಯರ ವಿರುದ್ಧದ ಕಾಯ್ದೆ ರದ್ದಾಗಿದ್ದೇ 1951ರಲ್ಲಿ, ವಿಕ್ಕನ್ ಪಂಥಾನ ಜನಕ್ಕೆ ಪರಿಚಯಿಸಿದ ಜೆರಾಲ್ಡ್ ಗಾರ್ಡ್ನರ್ ಅದರ ಬಗ್ಗೆ ಪುಸ್ತಕ ಬರೆದಿದ್ದು 1954ರಲ್ಲಿ, ಹಬ್ಬಕ್ಕೆ ಲಿಥಾ ಅಂತ ಹೆಸರಿಟ್ಟಿದ್ದು 1974ರಲ್ಲಿ ಏಡನ್ ಕೆಲ್ಲಿ ಅನ್ನೋ ಅಮೆರಿಕದವ್ರು. ಆ ಪದ ಮಾತ್ರ ಹಳೇದು, ಎಂಟನೇ ಶತಮಾನದ ಬೀಡ್ ಅನ್ನೋ ಸನ್ಯಾಸಿ ಇಲ್ಲಿನ ಜನ ಜೂನ್ ಜುಲೈಗೆ ಲಿಥಾ ಅಂತಿದ್ರು ಅಂತ ಬರೆದಿಟ್ಟಿದ್ದಾರೆ. "ಕಲ್ಲು ಹಳೇದು, ನಮ್ಮ ಪೂಜೆ ಹೊಸದು" ಅಂದ್ರು ಅವ್ರಲ್ಲಿ ಹಿರಿಯೋರು, ಅಷ್ಟು ಕೇಳಿದ್ಮೇಲೆ ಮುಂದಿನದನ್ನ ಪೂರ್ತಿ ಮನಸ್ಸಿಟ್ಟು ಮಾಡೋಕೆ ನಂಗೆ ಯಾವ ಅಡ್ಡೀನೂ ಇರ್ಲಿಲ್ಲ.

ಪೂಜೆ ನಡೆದಿದ್ದು ಊರಾಚೆ ಬಾಡಿಗೆಗೆ ತಗೊಂಡಿದ್ದ ಒಂದು ಹೊಲದಲ್ಲಿ. ಪೊರಕೆಯಿಂದ ಜಾಗ ಗುಡಿಸಿದ ಹಾಗೆ ಮಾಡಿ, ಉಪ್ಪು ನೀರು ಚಿಮುಕಿಸಿ, ವೃತ್ತ ಕಟ್ಟಿದ್ರು. ಸುತ್ತೋದು ಸೂರ್ಯ ಸಾಗೋ ದಿಕ್ಕಲ್ಲೇ, ಅಂದ್ರೆ ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕೋ ಹಾಗೇನೇ, ನನ್ನ ಕಾಲು ತಾನಾಗೇ ಸರಿಯಾಗಿ ಹೋಯ್ತು! ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಭೂಮಿ ಅಂತ ಒಂದೊಂದನ್ನೂ ಹೆಸರು ಹಿಡಿದು ಕರೆದ್ರು. ಆಮೇಲೆ ಹಗಲು ಬೆಳೆಯೋ ಕಾಲದ ಓಕ್ ರಾಜನಿಗೂ ಹಗಲು ಕುಗ್ಗೋ ಕಾಲದ ಹಾಲಿ ಗಿಡದ ರಾಜನಿಗೂ ಕೋಲಲ್ಲಿ ಕಾಳಗ, ಉದ್ದದ ಹಗಲಿನ ದಿನಾನೇ ಓಕ್ ರಾಜ ಸೋಲ್ತಾನೆ, ಯಾಕಂದ್ರೆ ನಾಳೆಯಿಂದ ಹಗಲು ಕಮ್ಮಿ ಆಗ್ತಾ ಹೋಗುತ್ತೆ. ನಮ್ಮ ಪಂಚಾಂಗದಲ್ಲಿ ದಕ್ಷಿಣಾಯನ ಬರೋದು ಜುಲೈ ಮಧ್ಯದ ಕರ್ಕ ಸಂಕ್ರಾಂತಿಗೆ, ಆದ್ರೆ ಆಕಾಶದಲ್ಲಿ ಸೂರ್ಯ ನಿಜವಾಗ್ಲೂ ದಕ್ಷಿಣಕ್ಕೆ ತಿರುಗೋದು ಇವತ್ತೇ ತಾನೇ. ಬೆಂಗಳೂರಲ್ಲಿ ಅತಿ ಉದ್ದದ ಹಗಲು ಅಂದ್ರೂ ಸುಮಾರು 13 ಗಂಟೆ, ಇಲ್ಲಿ ಹದಿನಾರೂವರೆ, ಅದಕ್ಕೇ ಇರ್ಬೇಕು ಈ ಜನಕ್ಕೆ ಬೆಳಕು ಕಮ್ಮಿ ಆಗೋದು ಅಷ್ಟು ತಟ್ಟೋದು. ಓಕ್ ಎಲೆ ಕಿರೀಟ ತೆಗೆದು ನೆಲಕ್ಕಿಟ್ಟಾಗ ನನ್ನ ಪಕ್ಕದ ಅಜ್ಜಿ ಕಣ್ಣು ಒರೆಸ್ಕೊಂಡ್ರು. ಬಿಡಬೇಕು ಅಂದ್ಕೊಂಡಿದ್ದನ್ನ ಪಲಾವ್ ಎಲೆ ಮೇಲೆ ಬರೆದು ಕಬ್ಬಿಣದ ಕಡಾಯಿ ಬೆಂಕಿಗೆ ಹಾಕೋದಿತ್ತು, ನಾನು ಕನ್ನಡದಲ್ಲೇ ಬರೆದು ಹಾಕ್ದೆ.

ಈಗ ತಕರಾರು. ಜೇನಿನ ಕೇಕು, ಸ್ಟ್ರಾಬೆರಿ, ಎಲ್ಡರ್ ಹೂವಿನ ಶರಬತ್ತು ಎಲ್ಲಾ ಚೆನ್ನಾಗಿತ್ತು, ಆದ್ರೆ ಸೇಂಟ್ ಜಾನ್ಸ್ ವರ್ಟ್ ಹಳದಿ ಹೂವಿನ ಟೀ ಮಾಡಿ ಒಂದು ಮಾತೂ ಹೇಳ್ದೆ ಎಲ್ಲರಿಗೂ ಹಂಚಿದ್ರು. ನಾನು ಫಾರ್ಮಸಿಸ್ಟ್, ನಂಗೆ ಸುಮ್ನೆ ಕೂರೋಕಾಗ್ಲಿಲ್ಲ. ಈ ಗಿಡ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್, ಅಂಗಾಂಗ ಕಸಿ ಆದೋರು ತಗೊಳೋ ಸೈಕ್ಲೋಸ್ಪೋರಿನ್ ಇವೆಲ್ಲದರ ಕೆಲಸ ಕಮ್ಮಿ ಮಾಡುತ್ತೆ, ಖಿನ್ನತೆಗೆ ಕೊಡೋ ಕೆಲವು ಮಾತ್ರೆ ಜೊತೆ ಸೇರಿದ್ರೆ ಅಪಾಯಾನೇ. ಒಂದು ಕಪ್ಪಿಂದ ಎಲ್ಲರಿಗೂ ಏನೋ ಆಗ್ಬಿಡುತ್ತೆ ಅಂತಲ್ಲ, ಆದ್ರೆ ಯಾರ್ಯಾರು ಏನೇನು ತಗೋತಿದ್ದಾರೆ ಅಂತ ಗೊತ್ತಿಲ್ದೆ ಕೊಡೋದು ತಪ್ಪು. ಹೇಳಿದ ತಕ್ಷಣ ಟೀ ನಿಲ್ಲಿಸಿದ್ರು, ಮಾರನೇ ದಿನ ಬಂದಿದ್ದ 22 ಜನಕ್ಕೂ ಮೇಲ್ ಕಳಿಸಿದ್ರು, ಅದನ್ನ ಒಪ್ಪಬೇಕು. ಇನ್ನೊಂದು, ಕೇಕಲ್ಲಿ ಮೊಟ್ಟೆ ಇದೆಯಾ ಅಂತ ನಾವೇ ಕೇಳಬೇಕಾಯ್ತು, ಇತ್ತು.

ಬೆಳಗಿನ ಜಾವ ನಾಲ್ಕೂವರೆಗೆ ಕಲ್ಲುಗಳ ಹತ್ರ ನಡ್ಕೊಂಡು ಹೋದ್ವಿ. ಇದೇ ಥರದ ಇನ್ನೊಂದು ಕಲ್ಲಿನ ವೃತ್ತ ಸ್ಟೋನ್‌ಹೆಂಜಲ್ಲಿ ಈ ದಿನ ಜನಸಾಗರ ಇರುತ್ತೆ, ಏವ್‌ಬರಿ ವೃತ್ತ ಅದಕ್ಕಿಂತ ಎಷ್ಟೋ ದೊಡ್ಡದು, ಅಡ್ಡಗಲ 330 ಮೀಟರ್ ಹತ್ರ, ಒಳಗೆ ಮನೆಗಳು, ಪಬ್, ಮೇಯೋ ಕುರಿಗಳು, ಕಲ್ಲನ್ನ ಕೈಯಿಂದ ಮುಟ್ಟಬಹುದು. 4:50ರ ಸುಮಾರಿಗೆ ಸೂರ್ಯ ಕೆಂಪಗೆ ಕಾಣಿಸ್ದ, ಯಾರೂ ಮಾತಾಡ್ಲಿಲ್ಲ, ನಾನು ಕೈ ಮುಗಿದೆ.

ಐದಕ್ಕೆ ನಾಲ್ಕು ಸ್ಟಾರ್. ಎಷ್ಟೇ ಸೆಕೆ ಇದ್ರೂ ಸ್ವೆಟರ್ ತಗೊಂಡೋಗಿ, ಇಬ್ಬನಿಗೆ ಶೂ ನೆನೆಯುತ್ತೆ. ಡಿಸೆಂಬರಿನ ಯೂಲ್‌ಗೆ, ಅಂದ್ರೆ ಅತಿ ಚಿಕ್ಕ ಹಗಲಿನ ಹಬ್ಬಕ್ಕೆ, ಓಕ್ ರಾಜ ತಿರುಗಿ ಗೆಲ್ತಾನಂತೆ, ಅದಕ್ಕೂ ಟಿಕೆಟ್ ತಗೊಂಡಿದೀನಿ.