ವಿಸ್ಕೇರಿಯಾ, ಇನ್ನರ್‌ಫೋರ್ಸ್, ಕ್ಲಿಪ್ಪರ್: ಫಾಸ್ಟ್ ಬ್ಲೇಡ್ ಯಾರ ಕೈಗೆ ಯಾವುದು?

"ಫಾಸ್ಟ್ ಬ್ಲೇಡ್ ತಗೋಬೇಕು, ಯಾವುದು ತಗೊಳ್ಳಲಿ?" ಅಂತ ಬೆಂಗಳೂರಿನ ಯಾವ ಟೇಬಲ್ ಟೆನಿಸ್ (ಟಿಟಿ) ಹಾಲ್‌ನಲ್ಲಿ ಕೇಳಿದರೂ ಮೊದಲು ಕೇಳಿಬರುವ ಹೆಸರು ಬಟರ್‌ಫ್ಲೈ ವಿಸ್ಕೇರಿಯಾ. ಬ್ಲೇಡ್ ಅಂದರೆ ಬ್ಯಾಟಿನ ಮರದ ಭಾಗ, ಅದರ ಎರಡೂ ಕಡೆಗೆ ರಬ್ಬರ್ ಅಂಟಿಸುತ್ತೇವೆ. ವಿಸ್ಕೇರಿಯಾ ಒಳ್ಳೆಯ ಬ್ಲೇಡೇ, ಎರಡು ಮಾತಿಲ್ಲ. ಆದರೆ ಅದನ್ನು ಹಿಡಿದು ಆಡುವವರಲ್ಲಿ ಅರ್ಧಕ್ಕರ್ಧ ಜನ ಬಾಲನ್ನು ಟೇಬಲ್ ಆಚೆ ಕಳಿಸಿ, ಆಮೇಲೆ ರಬ್ಬರಿಗೆ ಬೈಯುತ್ತಿರುತ್ತಾರೆ. ಬ್ಲೇಡಿನ ಸ್ಪೀಡ್ ಆಮೇಲೆ. ನಿಮಗೆ ಪಾಯಿಂಟ್ ಎಲ್ಲಿಂದ ಬರುತ್ತದೆ, ಅದನ್ನು ಮೊದಲು ನೋಡಿ.

ನಾನು ಅಕ್ಕಪಕ್ಕ ಇಟ್ಟು ನೋಡಿದ್ದು ಮೂರು ಬ್ಲೇಡ್: ವಿಸ್ಕೇರಿಯಾ, ಅದೇ ಕಂಪನಿಯ ಇನ್ನರ್‌ಫೋರ್ಸ್ ಲೇಯರ್ ಎಎಲ್‌ಸಿ (ಆರಿಲೇಟ್-ಕಾರ್ಬನ್), ಸ್ಟಿಗಾ ಕ್ಲಿಪ್ಪರ್ ವುಡ್. ರಬ್ಬರ್ ಬದಲಾದರೆ ಹೋಲಿಕೆಗೆ ಅರ್ಥವೇ ಇಲ್ಲ ಅಲ್ವಾ, ಅದಕ್ಕೆ ಫೋರ್‌ಹ್ಯಾಂಡಿಗೆ ಟೆನರ್ಜಿ 05, ಬ್ಯಾಕ್‌ಹ್ಯಾಂಡಿಗೆ ಯಸಾಕಾ ರಕ್ಜಾ 7, ಇದೇ ಜೋಡಿಯನ್ನು ಕಿತ್ತು ಕಿತ್ತು ಮೂರಕ್ಕೂ ಅಂಟಿಸಿದೆ. ನನ್ನದು ಎರಡೂ ಕಡೆ ಟಾಪ್‌ಸ್ಪಿನ್ ಆಟ (ಬಾಲ್ ಮುಂದಕ್ಕೆ ತಿರುಗುವಂತೆ ಸವರಿ ಹೊಡೆಯುವುದು), ಟೇಬಲ್‌ನಿಂದ ಒಂದು ಹೆಜ್ಜೆ ಹಿಂದೆ. ಕಾಲು ಮೊದಲಿನಷ್ಟು ಓಡುವುದಿಲ್ಲ. ಟ್ರಾಫಿಕ್ ದಾಟಿ ಹಾಲ್ ಸೇರಿ, ವಾರ್ಮ್‌ಅಪ್ ಇಲ್ಲದೆ ಸೀದಾ ಮ್ಯಾಚ್‌ಗೆ ಇಳಿಯುವ ಜಾತಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. "ಕಾರ್ಬನ್ ಬ್ಯಾಟ್" ಅನ್ನುತ್ತಾರೆ, ಆದರೆ ಅದರಲ್ಲಿ ಕಾರ್ಬನ್ ಇರುವುದು ಕೂದಲೆಳೆಯಷ್ಟು. ಅಂತರರಾಷ್ಟ್ರೀಯ ಟಿಟಿ ಒಕ್ಕೂಟದ (ಐಟಿಟಿಎಫ್) ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಕನಿಷ್ಠ 85% ಮರವೇ ಇರಬೇಕು, ಒಂದೊಂದು ಫೈಬರ್ ಪದರ 0.35 ಮಿಲಿಮೀಟರ್ ದಾಟುವ ಹಾಗಿಲ್ಲ. ಇಷ್ಟು ತೆಳು ಪದರ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಇಡೀ ಆಟ ನಿಂತಿದೆ. ಹೊರ ಮರದ ಕೆಳಗೇ ಇದ್ದರೆ ಮೆಲ್ಲಗೆ ಮುಟ್ಟಿದರೂ ಅದು ಕೆಲಸ ಶುರು ಮಾಡುತ್ತದೆ. ನಡುವಿನ ಮರಕ್ಕೆ ಅಂಟಿಕೊಂಡಿದ್ದರೆ ಜೋರಾಗಿ ಹೊಡೆದಾಗ ಮಾತ್ರ ಏಳುತ್ತದೆ.

ವಿಸ್ಕೇರಿಯಾ ಮೊದಲನೇ ಜಾತಿ. ಹೊರಗೆ ಕೋಟೋ ಅನ್ನುವ ಗಟ್ಟಿ ಮರ, ಅದರ ಕೆಳಗೇ ಆರಿಲೇಟ್ ಅನ್ನುವ ಫೈಬರ್ ಮತ್ತು ಕಾರ್ಬನ್ ಸೇರಿಸಿ ನೇಯ್ದ ಪದರ, ನಡುವೆ ಕಿರಿ ಅನ್ನುವ ಹಗುರ ಮರ. ದಪ್ಪ 5.8 ಮಿಲಿಮೀಟರ್. ಚೀನಾದ ಜಾಂಗ್ ಜಿಕೆ 2011 ಮತ್ತು 2013ರ ವಿಶ್ವ ಚಾಂಪಿಯನ್‌ಶಿಪ್, ನಡುವೆ 2012ರ ಲಂಡನ್ ಒಲಿಂಪಿಕ್ಸ್ ಗೆದ್ದಿದ್ದು ಇದರಲ್ಲೇ. ಹೆಸರು ಬಂದಿದ್ದು ಸುಮ್ನೆ ಅಲ್ಲ. ಟೇಬಲ್ ಹತ್ತಿರ ನಿಂತು ಕೌಂಟರ್ ಮಾಡಿದರೆ, ಅಂದರೆ ಹೊಡೆತಕ್ಕೆ ಹೊಡೆತದಲ್ಲೇ ಉತ್ತರ ಕೊಟ್ಟರೆ, ಬಾಲ್ ಚುರುಕಾಗಿ, ನೆಟ್ ಸವರಿಕೊಂಡು ಹೋಗುತ್ತದೆ. ಬ್ಯಾಕ್‌ಹ್ಯಾಂಡ್ ಫ್ಲಿಕ್ (ಶಾರ್ಟ್ ಬಾಲನ್ನು ಚಿಮ್ಮಿಸುವ ಹೊಡೆತ) ಅಂತೂ ಇದರಲ್ಲಿ ಬರೀ ಮಣಿಕಟ್ಟಿನ ಕೆಲಸ. ಎದುರಾಳಿಯ ಲೂಪ್ (ತುಂಬಾ ಟಾಪ್‌ಸ್ಪಿನ್ ಹಾಕಿದ ಹೊಡೆತ) ಬಂದಾಗ ಬ್ಯಾಟ್ ಸರಿಯಾದ ಕೋನದಲ್ಲಿ ಇಟ್ಟರೆ ಸಾಕು, ಬ್ಲಾಕ್ ತಾನಾಗಿ ಆಗುತ್ತದೆ.

ತೊಂದರೆ ಶುರುವಾಗುವುದು ನಾವು ಲೇಟಾದಾಗ. ಬಾಲ್ ಹತ್ತಿರಕ್ಕೆ ಕಾಲು ಹೋಗಿಲ್ಲ, ಕೈ ಚಾಚಿ ಹೇಗೋ ಎತ್ತಿದ್ದೇವೆ, ಅಂಥ ಅರ್ಧಂಬರ್ಧ ಲೂಪಿಗೆ ವಿಸ್ಕೇರಿಯಾ ಕ್ಷಮೆ ಕೊಡುವುದಿಲ್ಲ: ಸ್ಪಿನ್ ಕೂರುವ ಮೊದಲೇ ಬಾಲ್ ಬ್ಯಾಟ್ ಬಿಟ್ಟು ಹೊರಟಿರುತ್ತದೆ, ಒಂದೋ ನೆಟ್‌ಗೆ, ಇಲ್ಲವೇ ಟೇಬಲ್ ಆಚೆಗೆ. ಶಾರ್ಟ್ ಸರ್ವ್‌ಗೆ ಶಾರ್ಟ್ ಆಗಿ ವಾಪಸ್ ಕೊಡುವುದೂ ಕಷ್ಟ. ನನ್ನ ಪುಶ್ (ಬಾಲ್ ಹಿಂದಕ್ಕೆ ತಿರುಗುವಂತೆ ಮೆಲ್ಲಗೆ ತಳ್ಳುವ ಹೊಡೆತ) ಒಂದು ಗೇಣು ಉದ್ದ ಹೋಗುತ್ತಿತ್ತು. ಆ ಒಂದು ಗೇಣು ಸಾಕು, ಎದುರಿನವನು ಲೂಪ್ ಹೊಡೆಯಲು ಕಾದೇ ಇರುತ್ತಾನೆ.

ಇನ್ನರ್‌ಫೋರ್ಸ್‌ನಲ್ಲಿ ಇರುವುದೂ ಅದೇ ಫೈಬರ್, ಆದರೆ ಒಳಗೆ, ನಡುವಿನ ಮರದ ಪಕ್ಕ. ಹೊರಗೆ ಲಿಂಬಾ, ಕೋಟೋಗಿಂತ ಮೆತ್ತಗಿನ ಮರ. ದಪ್ಪ 6 ಮಿಲಿಮೀಟರ್. ಮೊದಲು ಕೈಗೆ ಸಿಕ್ಕಾಗ "ಇದರಲ್ಲಿ ಕಾರ್ಬನ್ ಇದೆಯಾ?" ಅನ್ನಿಸುತ್ತದೆ. ಪುಶ್ ಮಾಡಿದರೆ ಬಾಲ್ ನೆಟ್ ದಾಟಿ ಅಲ್ಲೇ ಕೂರುತ್ತದೆ, ನಿಧಾನಕ್ಕೆ ಸ್ಪಿನ್ ಹಾಕಿ ಎತ್ತಿದರೆ ಕಮಾನಿನಂತೆ ಬಾಗಿ ಟೇಬಲ್ ಮೇಲೇ ಬೀಳುತ್ತದೆ. ಎರಡು ಹೆಜ್ಜೆ ಹಿಂದೆ ಹೋಗಿ ಮೈಯೆಲ್ಲಾ ತಿರುಗಿಸಿ ಹೊಡೆದಾಗ ಮಾತ್ರ ಫೈಬರ್ ಎದ್ದು ಬರುತ್ತದೆ, ಆಗ ವಿಸ್ಕೇರಿಯಾಗೂ ಇದಕ್ಕೂ ಸ್ಪೀಡಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ನನಗೆ ಕಾಣಲಿಲ್ಲ. ಕಳೆದುಕೊಳ್ಳುವುದು ಬ್ಲಾಕ್‌ನಲ್ಲಿ. ಎದುರಿನವರ ಜೋರನ್ನು ಸುಮ್ಮನೆ ತಿರುಗಿಸಿ ಕೊಟ್ಟರೆ ಬಾಲ್ ಅಷ್ಟು ಚುರುಕಾಗಿ ಹೋಗುವುದಿಲ್ಲ, ನಾವೇ ಸ್ವಲ್ಪ ತಳ್ಳಬೇಕು.

ಇನ್ನು ಕ್ಲಿಪ್ಪರ್. ಏಳು ಪದರ, ಏಳೂ ಮರ, ಫೈಬರ್ ಇಲ್ಲವೇ ಇಲ್ಲ. ವಿಸ್ಕೇರಿಯಾದ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಸಿಗುತ್ತದೆ ಅಂತಲೋ ಏನೋ ನಮ್ಮಲ್ಲಿ ಇದಕ್ಕೆ ಮರ್ಯಾದೆ ಕಡಿಮೆ. "ಅದು ಹಳೇ ಕಾಲದ್ದಪ್ಪಾ" ಅನ್ನುತ್ತಾರೆ. ಒಂದು ಸಲ ಸ್ಮ್ಯಾಶ್ ಹೊಡೆದು ನೋಡಲಿ. ಬಾಲ್ ಮರಕ್ಕೆ ತಾಗಿದ ಸದ್ದು ಮೊಣಕೈ ತನಕ ಬರುತ್ತದೆ, ಎಷ್ಟು ಸ್ಪಿನ್ ಇತ್ತು, ಬ್ಯಾಟಿನ ಎಲ್ಲಿಗೆ ತಾಗಿತು, ಎಲ್ಲಾ ಗೊತ್ತಾಗುತ್ತದೆ. ಫೈಬರ್ ಬ್ಲೇಡುಗಳಲ್ಲಿ ಈ ಸುದ್ದಿ ಅರ್ಧ ಮಾತ್ರ ತಲುಪುತ್ತದೆ, ಏಕೆಂದರೆ ಆರಿಲೇಟಿನ ಕೆಲಸವೇ ನಡುಕವನ್ನು ನುಂಗುವುದು. ಕ್ಲಿಪ್ಪರಿನ ಇನ್ನೊಂದು ಗುಣ, ಎಷ್ಟು ಹೊಡೆದರೆ ಅಷ್ಟೇ ವೇಗ. ಮೆಲ್ಲಗೆ ಹೊಡೆದರೆ ಮೆಲ್ಲಗೆ, ಜೋರಾಗಿ ಹೊಡೆದರೆ ಜೋರು, ನಡುವೆ ಎಲ್ಲೂ ಧುತ್ತೆಂದು ನೆಗೆಯುವುದಿಲ್ಲ.

ಇದು ಎದ್ದು ಕಾಣುವುದು ಪಿಂಪಲ್ಸ್, ಅಂದರೆ ಮೇಲ್ಮೈ ನುಣುಪಾಗಿರದೆ ಸಣ್ಣ ಸಣ್ಣ ಮೊಳೆಗಳಂತೆ ಎದ್ದಿರುವ ರಬ್ಬರ್, ಹಾಕಿದವರ ಎದುರು. ಬೆಂಗಳೂರಿನ ಹಳೆ ಬಡಾವಣೆಗಳ ಹಾಲ್‌ಗಳಲ್ಲಿ ಇಂಥ ಅಂಕಲ್ ಒಬ್ಬರು ಇದ್ದೇ ಇರುತ್ತಾರೆ. ಬ್ಯಾಕ್‌ಹ್ಯಾಂಡಿಗೆ ಲಾಂಗ್ ಪಿಂಪಲ್ಸ್, ಓಡಾಟ ಇಲ್ಲ, ಬೆವರು ಇಲ್ಲ, "ಹೊಡೀಪ್ಪಾ ಹೊಡಿ" ಅನ್ನುತ್ತಲೇ ಇಪ್ಪತ್ತರ ಹುಡುಗರನ್ನು 11-4ಕ್ಕೆ ಮನೆಗೆ ಕಳಿಸುತ್ತಾರೆ. ಅವರ ಸತ್ತ ಬಾಲನ್ನು ವಿಸ್ಕೇರಿಯಾದಲ್ಲಿ ಎತ್ತಲು ಹೋದರೆ ಅದು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಕ್ಲಿಪ್ಪರಿನಲ್ಲಿ ಅಳೆದು ಹೊಡೆಯಬಹುದು. ಆದರೆ ಟೇಬಲ್‌ನಿಂದ ದೂರ ಹೋದ ಮೇಲೆ ಇದರ ಉಸಿರು ಕಟ್ಟುತ್ತದೆ, ಮೂರು ಹೆಜ್ಜೆ ಹಿಂದಿನಿಂದ ಒಂದೇ ಸಮನೆ ಲೂಪ್ ಮಾಡಿದರೆ ಭುಜ ಕೇಳಿಕೊಳ್ಳುತ್ತದೆ. ತೂಕವೂ ಜಾಸ್ತಿ.

ಪ್ರಿಮೊರಾಕ್ ಕಾರ್ಬನ್ ಬಗ್ಗೆ ಕೇಳುವವರು ಇದ್ದಾರೆ. ಗೆಳೆಯರೊಬ್ಬರದ್ದು ಇಸ್ಕೊಂಡು, ಅವರದೇ ರಬ್ಬರಿನಲ್ಲಿ ಆಡಿದೆ. ದಪ್ಪ ಬ್ಲೇಡ್, ಆರಿಲೇಟ್ ಬೆರೆಸದ ಬರೀ ಕಾರ್ಬನ್. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ, ತಾಗಿದ್ದೇ ತಡ ಬಾಲ್ ಚಟ್ ಅಂತ ಹಾರುತ್ತದೆ. ಬ್ಲಾಕ್ ಮತ್ತು ಚಪ್ಪಟೆ ಹೊಡೆತದಲ್ಲೇ ಬದುಕುವವರು ನೋಡಬಹುದು. ಲೂಪ್ ಮಾಡುವವರು ದೂರ ಇರಿ.

ಅಂದರೆ ಟೇಬಲ್ ಬಿಟ್ಟು ಕದಲದೆ, ಬೇಗ ಬಾಲ್ ಹಿಡಿದು ಬ್ಲಾಕ್-ಕೌಂಟರ್ ಮಾಡುವವರಿಗೆ, ವಾರದಲ್ಲಿ ಹೆಚ್ಚು ದಿನ ಕೋಚ್ ಹತ್ತಿರ ಬೆವರು ಸುರಿಸುವವರಿಗೆ ವಿಸ್ಕೇರಿಯಾ. ಸ್ಪಿನ್ ಹಾಕಿ ಕಟ್ಟಿ, ಅವಕಾಶ ಸಿಕ್ಕಾಗ ಹಿಂದಿನಿಂದ ಜೋರು ಹೊಡೆಯುವವರಿಗೆ ಇನ್ನರ್‌ಫೋರ್ಸ್. ಸ್ಮ್ಯಾಶ್ ಪ್ರಿಯರಿಗೆ, ಶಾರ್ಟ್ ಪಿಂಪಲ್ಸ್ ಹಾಕುವವರಿಗೆ, ಐದು ಪದರದ ಮರದಿಂದ ಮೊದಲ ಸಲ ಮೇಲೆ ಹತ್ತುವವರಿಗೆ ಕ್ಲಿಪ್ಪರ್. ಹರಿಕೇನ್ 3 ಥರದ ಗಟ್ಟಿ, ಅಂಟು ರಬ್ಬರ್ ಹಾಕುವವರ ಲೆಕ್ಕ ಸ್ವಲ್ಪ ಬೇರೆ. ಆ ರಬ್ಬರ್ ತಾನಾಗಿ ನೆಗೆಯುವುದಿಲ್ಲ, ಹಾಗಾಗಿ ವಿಸ್ಕೇರಿಯಾದ ಚುರುಕು ಅಲ್ಲಿ ಹೊರೆಯಾಗದೆ ಉಪಯೋಗಕ್ಕೇ ಬರುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಆಟ ನೋಡಿ ಮಗಳನ್ನು ಟಿಟಿಗೆ ಸೇರಿಸಿರುವ ಅಪ್ಪ ಅಮ್ಮಂದಿರೇ, ದಯವಿಟ್ಟು ಈ ಮೂರೂ ಬೇಡ. ಮಗುವಿಗೆ ಸ್ಟ್ರೋಕ್ ಕೂರುವ ತನಕ ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್ ಥರದ ಐದು ಪದರದ ಮರವೇ ಸರಿ.

ಪೆಟ್ಟಿಗೆ ಮೇಲಿನ ಸ್ಪೀಡ್ ನಂಬರ್ ನೋಡಿ ಎರಡು ಕಂಪನಿಗಳನ್ನು ಹೋಲಿಸಬೇಡಿ, ಒಬ್ಬೊಬ್ಬರ ಅಳತೆ ಒಂದೊಂದು. ಇನ್ನೊಂದು, ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತೆಳು, 2.7 ಗ್ರಾಂ ಬಾಲಿಗೆ ತಡೆ ಕಡಿಮೆ, ಟಾಪ್‌ಸ್ಪಿನ್ ಬಾಲ್ ಕೆಳಗೆ ಬಾಗುವುದೂ ಚೆನ್ನೈಗಿಂತ ಚೂರು ಕಡಿಮೆ. ಸ್ಪೀಡ್ ಇಲ್ಲಿ ಒಂಚೂರು ಪುಕ್ಕಟೆಯಾಗಿಯೇ ಸಿಗುತ್ತದೆ.

ತಗೊಳ್ಳುವಾಗ ತೂಕ ಹಾಕಿಸಿ. ಒಂದೇ ಮಾಡೆಲ್‌ನಲ್ಲಿ ಐದಾರು ಗ್ರಾಂ ಹೆಚ್ಚುಕಡಿಮೆ ಇರುತ್ತದೆ, ಎರಡು ರಬ್ಬರ್ ಸೇರಿ ಒಟ್ಟು 190 ಗ್ರಾಂ ದಾಟಿದರೆ ಮಣಿಕಟ್ಟು ಮೂರನೇ ಗೇಮಿನಲ್ಲಿ ಹೇಳುತ್ತದೆ. ಆನ್‌ಲೈನ್‌ನಲ್ಲಿ ನಂಬಲಾಗದ ಕಡಿಮೆ ಬೆಲೆಗೆ ವಿಸ್ಕೇರಿಯಾ ಕಂಡರೆ ಅಂಚನ್ನು ನೋಡಿ: ಫೈಬರಿನ ಗೆರೆ ಹೊರ ಪದರದ ಕೆಳಗೇ ಇರಬೇಕು. ನಮ್ಮ ಹಾಲ್‌ಗೆ ಬಂದ ಒಂದರಲ್ಲಿ ಗೆರೆಯೇ ಇರಲಿಲ್ಲ.

ನನ್ನ ಕೈಯಲ್ಲಿ ಈಗ ಇರುವುದು ಇನ್ನರ್‌ಫೋರ್ಸ್. ವಿಸ್ಕೇರಿಯಾವನ್ನು ಟೇಬಲ್ ಬಿಟ್ಟು ಅಲುಗದ ಒಬ್ಬ ಹುಡುಗನಿಗೆ ಮಾರಿದೆ, ಅವನ ಬ್ಲಾಕ್ ಎದುರು ಈಗ ನನಗೇ ಕಷ್ಟ. ಕ್ಲಿಪ್ಪರ್ ಬ್ಯಾಗಿನಲ್ಲೇ ಇದೆ. ಪಿಂಪಲ್ಸ್ ಅಂಕಲ್ ಬರುವ ದಿನ ಅದನ್ನೇ ತೆಗೆಯುತ್ತೇನೆ.