ಮ್ಯಾಸಚೂಸೆಟ್ಸ್ ಊರುಗಳ ‘ಬೋರ್ಡ್ ಆಫ್ ಹೆಲ್ತ್’ ಸೆಪ್ಟಿಕ್ ಸೇವೆ: ‘ಪಾಸ್’ ಚೀಟಿಗಿಂತ ಕಡತ ಮೇಲು

ಬಾಸ್ಟನ್‌ನಿಂದ ಪಶ್ಚಿಮಕ್ಕೆ, 495ನೇ ಹೆದ್ದಾರಿಯ ಆಸುಪಾಸಿನಲ್ಲಿ ಮನೆ ಹುಡುಕುವ ಕನ್ನಡದ ಕುಟುಂಬಗಳು ಮೊದಲು ಶಾಲೆ ನೋಡುತ್ತವೆ, ಆಮೇಲೆ ಆಫೀಸಿಗೆ ಎಷ್ಟು ದೂರ, ಆಮೇಲೆ ಬಾಗಿಲು ಯಾವ ದಿಕ್ಕಿಗೆ. ಹಿತ್ತಿಲ ಹುಲ್ಲಿನ ಕೆಳಗೆ ಏನಿದೆ ಎಂಬ ಪ್ರಶ್ನೆ ಆಫರ್ ಕೊಟ್ಟ ಮೇಲೆ ಏಳುತ್ತದೆ. ಸಡ್‌ಬರಿ, ಬಾಕ್ಸ್‌ಬರೋ, ವೆಸ್ಟ್‌ಫೋರ್ಡ್‌ನಂಥ ಊರುಗಳಲ್ಲಿ ಹೆಚ್ಚಿನ ಮನೆಗಳಿಗೆ ಒಳಚರಂಡಿ ಇಲ್ಲ, ಸೆಪ್ಟಿಕ್ಕೇ ಗತಿ: ಮನೆಯ ಕೊಳೆನೀರು ನೆಲದಡಿಯ ಟ್ಯಾಂಕಿಗೆ ಹೋಗಿ, ಅಲ್ಲಿಂದ ಮಣ್ಣಿಗೆ ಇಂಗಬೇಕು. ಅದರ ಮಣ್ಣು ಪರೀಕ್ಷೆ, ಪರವಾನಗಿ, ಮಾರಾಟದ ವೇಳೆಯ ತಪಾಸಣಾ ವರದಿ ಎಲ್ಲವೂ ಊರಿನ ಬೋರ್ಡ್ ಆಫ್ ಹೆಲ್ತ್ ಕೈಯಲ್ಲಿ. ನಿಯಮ ಬರೆಯುವುದು ರಾಜ್ಯದ ಪರಿಸರ ಇಲಾಖೆ, ಅಂದರೆ ಮಾಸ್‌ಡಿಇಪಿ. ನಿಯಮದ ಹೆಸರು ಟೈಟಲ್ 5. ಈಗಿನ ರೂಪ ಬಂದದ್ದು 1995ರಲ್ಲಿ. ನಡೆಸುವುದು ಮಾತ್ರ ಊರೇ, ಮತ್ತು ರಾಜ್ಯದಲ್ಲಿ ಊರು-ನಗರ ಸೇರಿ 351 ಇವೆ.

ಒಂದು ಊರನ್ನು ಹಿಡಿದು ಹೊಗಳುವ ಅಥವಾ ತೆಗಳುವ ವಿಮರ್ಶೆ ಇದಲ್ಲ. ಇಡೀ ಸೇವೆಗೆ ಅಂಕ ಕೊಡುವುದಾದರೆ: ಮಣ್ಣು ಓದುವುದಕ್ಕೆ ಐದಕ್ಕೆ ಐದು, ಕಾಮಗಾರಿಯ ಮೇಲಿನ ನಿಗಾಕ್ಕೆ ನಾಲ್ಕು, ಮಾರಾಟದ ತಪಾಸಣೆಗೆ ಎರಡೂವರೆ.

ಮೊದಲು ಐದು ಅಂಕದ ಭಾಗ. ನಮ್ಮ ಕಡೆ ಗುಂಡಿ ತೋಡಿ, ಸಿಮೆಂಟ್ ರಿಂಗ್ ಇಳಿಸಿ, ಮೇಲೆ ಚಪ್ಪಡಿ ಎಳೆದರೆ ಕೆಲಸ ಮುಗಿಯಿತು. ಕೆಳಗಿನ ಮಣ್ಣು ನೀರು ಕುಡಿಯುತ್ತದೋ ಇಲ್ಲವೋ ಎಂದು ಕೇಳುವವರು ಕಡಿಮೆ. ಇಲ್ಲಿ ನಕ್ಷೆ ಬರೆಯುವ ಮೊದಲೇ ಮಣ್ಣನ್ನು ಮಾತಾಡಿಸಬೇಕು. ಇಂಗುವ ಜಾಗದಲ್ಲಿ, ಅಂದರೆ ಲೀಚ್ ಫೀಲ್ಡ್ ಬರುವ ಕಡೆ, ಜೆಸಿಬಿಯಂಥ ಯಂತ್ರದಿಂದ ಕನಿಷ್ಠ ಎರಡು ಆಳದ ಗುಂಡಿ ತೋಡಿಸಬೇಕು. ಹೊಸ ಮನೆಯಾದರೆ ಮುಂದೊಂದು ದಿನ ಬೇಕಾಗುವ ಮೀಸಲು ಜಾಗದಲ್ಲೂ ಎರಡು. ರಾಜ್ಯದ ಮಾನ್ಯತೆ ಪಡೆದ ಸಾಯಿಲ್ ಇವಾಲ್ಯುವೇಟರ್ ಪದರ ಪದರವಾಗಿ ಮಣ್ಣಿನ ರಚನೆ, ಬಣ್ಣ, ಕಲ್ಲಿನ ಪ್ರಮಾಣ ಬರೆದುಕೊಳ್ಳುತ್ತಾರೆ. ಬೋರ್ಡಿನ ಏಜೆಂಟ್, ಅಂದರೆ ಅದರ ಪರವಾಗಿ ಸ್ಥಳ ನೋಡುವ ಅಧಿಕಾರಿ, ಪಕ್ಕದಲ್ಲೇ ನಿಂತು ಸಾಕ್ಷಿಯಾಗಬೇಕು. ಏಜೆಂಟ್ ಇಲ್ಲದೆ ತೋಡಿದ ಗುಂಡಿಗೆ ಬೆಲೆ ಇಲ್ಲ.

ಅವರು ಹುಡುಕುವುದು ಮುಖ್ಯವಾಗಿ ಒಂದನ್ನು: ವರ್ಷದಲ್ಲಿ ಅತಿ ಹೆಚ್ಚು ಎಂದರೆ ಅಂತರ್ಜಲ ಎಲ್ಲಿಯವರೆಗೆ ಏರುತ್ತದೆ. ಆಗಸ್ಟ್‌ನಲ್ಲಿ ತೋಡಿದ ಗುಂಡಿ ತಳದವರೆಗೂ ಒಣಗಿರಬಹುದು, ಏಪ್ರಿಲ್‌ನಲ್ಲಿ ಅದೇ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಹಾಗಾಗಿ ಅಂದು ಕಂಡ ನೀರನ್ನಷ್ಟೇ ನಂಬುವುದಿಲ್ಲ. ನೀರಲ್ಲಿ ಮುಳುಗಿ ಗಾಳಿಯಿಲ್ಲದೆ ಕೂತ ಮಣ್ಣಿನಲ್ಲಿ ಕಬ್ಬಿಣದ ಅಂಶ ಕರಗಿ ಸರಿದು ಹೋಗಿ ಬೂದು ಬಣ್ಣ ಉಳಿಯುತ್ತದೆ. ನೀರಿಳಿದು ಗಾಳಿ ಸಿಕ್ಕ ಕಡೆ ಅದೇ ಕಬ್ಬಿಣ ತುಕ್ಕು ಹಿಡಿದು ಕಿತ್ತಳೆ ಮಚ್ಚೆಯಾಗುತ್ತದೆ. ಈ ಬೂದು-ಕಿತ್ತಳೆ ಮಚ್ಚೆ ಎಲ್ಲಿಂದ ಶುರುವಾಗುತ್ತದೋ ಅದೇ ಜಲಮಟ್ಟ ಎಂದು ಲೆಕ್ಕ. ಬಣ್ಣವನ್ನು ಮನ್ಸೆಲ್ ಎಂಬ ಬಣ್ಣದ ಪಟ್ಟಿಗೆ ಹಿಡಿದು ಗುರುತು ಹಾಕುತ್ತಾರೆ, ಕಣ್ಣಂದಾಜಲ್ಲ. ಒರಟು ಮರಳಿನಲ್ಲಿ ಮಚ್ಚೆ ಸ್ಪಷ್ಟವಾಗಿ ಮೂಡದಿದ್ದರೆ, ಕಂಡ ನೀರಿನ ಮಟ್ಟವನ್ನು ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ವೀಕ್ಷಣಾ ಬಾವಿಗಳ ದಾಖಲೆಯೊಂದಿಗೆ ತಾಳೆ ನೋಡಿ ಮೇಲಕ್ಕೆ ಸರಿಹೊಂದಿಸುವ ಫ್ರಿಂಪ್ಟರ್ ವಿಧಾನ ಇದೆ.

ನಂತರ ಪರ್ಕ್ ಟೆಸ್ಟ್, ಅಂದರೆ ಮಣ್ಣಿನಲ್ಲಿ ನೀರು ಎಷ್ಟು ಬೇಗ ಇಂಗುತ್ತದೆ ಎಂಬ ಪರೀಕ್ಷೆ. ಇಂಗುವ ಪದರದಲ್ಲೇ 12 ಇಂಚು ಅಗಲ, 18 ಇಂಚು ಆಳದ ಕುಣಿ. ಅದರ ಗೋಡೆಯನ್ನು ಕೆರೆದು ಒರಟು ಮಾಡಬೇಕು. ಸಲಿಕೆ ಸವರಿದ ನುಣುಪು ಹಾಗೇ ಉಳಿದರೆ ನೀರು ಇಂಗದೆ ಮಣ್ಣಿನ ಮೇಲೆ ಸುಳ್ಳು ದೂರು ಬರುತ್ತದೆ. ಮೊದಲು 15 ನಿಮಿಷ 12 ಇಂಚಿಗೆ ಕಡಿಮೆಯಾಗದಂತೆ ನೀರು ತುಂಬಿಸಿ ನೆನೆಸುತ್ತಾರೆ. ಆಮೇಲೆ ನೀರು 12ರಿಂದ 9 ಇಂಚಿಗೆ, 9ರಿಂದ 6 ಇಂಚಿಗೆ ಇಳಿಯುವ ಹೊತ್ತನ್ನು ಅಳೆಯುತ್ತಾರೆ. ಲೆಕ್ಕಕ್ಕೆ ಬರುವುದು ಎರಡನೆಯದು. ಅದಕ್ಕೆ 24 ನಿಮಿಷ ಹಿಡಿದರೆ ಇಂಚಿಗೆ 8 ನಿಮಿಷ. ನೆನೆಸುವಾಗಲೇ 24 ಗ್ಯಾಲನ್, ಅಂದರೆ ಸುಮಾರು 90 ಲೀಟರ್ ಸುರಿದರೂ ಕುಣಿ ತುಂಬದಿದ್ದರೆ ಇಂಚಿಗೆ 2 ನಿಮಿಷಕ್ಕೂ ಕಡಿಮೆ ಎಂದು ಬರೆದು ಮುಗಿಸುತ್ತಾರೆ. ಹೊಸ ಮನೆಗೆ ಗರಿಷ್ಠ ಮಿತಿ ಇಂಚಿಗೆ 60 ನಿಮಿಷ.

ಬೇಗ ಇಂಗಿದರೆ ಒಳ್ಳೆಯದಲ್ಲವೇ ಎಂದು ಅನಿಸುವುದು ಸಹಜ. ಬೋರ್ಡ್ ಹಾಗೆ ನೋಡುವುದಿಲ್ಲ. ಲೀಚ್ ಫೀಲ್ಡ್ ತಳಕ್ಕೂ ಅಂತರ್ಜಲಕ್ಕೂ ನಡುವೆ 4 ಅಡಿ ಒಣ ಮಣ್ಣು ಇರಬೇಕು. ಇಂಚಿಗೆ 2 ನಿಮಿಷ ಅಥವಾ ಅದಕ್ಕಿಂತ ಬೇಗ ಇಂಗುವ ಮಣ್ಣಾದರೆ 5 ಅಡಿ. ಕೊಳೆನೀರಿನ ರೋಗಾಣುಗಳನ್ನು ಹಿಡಿದಿಡುವುದು ಗಾಳಿಯಾಡುವ ಆ ನಾಲ್ಕೈದು ಅಡಿ ಮಣ್ಣೇ. ಟ್ಯಾಂಕ್ ಬರೀ ಹೂಳು ಮತ್ತು ಜಿಡ್ಡು ಬೇರ್ಪಡಿಸುತ್ತದೆ. ಬೇಗ ಜಾರಿಹೋಗುವ ನೀರಿಗೆ ಸಾಣಿಸಿಕೊಳ್ಳಲು ಸಮಯ ಸಾಲದು.

ನ್ಯೂ ಇಂಗ್ಲೆಂಡಿನ ನೆಲ ಹಿಮನದಿ ಬಿಟ್ಟುಹೋದದ್ದು. ಒಂದೇ ರಸ್ತೆಯ ಒಂದು ಮನೆಯಡಿ ಮರಳು, ಎದುರು ಮನೆಯಡಿ ಹಿಮದ ಭಾರಕ್ಕೆ ಕಾಂಕ್ರೀಟಿನಷ್ಟು ಗಟ್ಟಿಯಾದ ಹಾರ್ಡ್‌ಪ್ಯಾನ್, ಇನ್ನೊಂದು ಕಡೆ ಮೂರಡಿಗೇ ಬಂಡೆ. ಹಾರ್ಡ್‌ಪ್ಯಾನ್ ಮೇಲೆ ವಸಂತದಲ್ಲಿ ಕರಗಿದ ಹಿಮದ ನೀರು ಇಂಗದೆ ನಿಲ್ಲುತ್ತದೆ. ಅಂಥ ಕಡೆ ಮರಳು ತರಿಸಿ ನೆಲವನ್ನೇ ಎತ್ತರಿಸಿ, ಪಂಪ್ ಇಟ್ಟು ನೀರನ್ನು ಮೇಲಕ್ಕೆ ತಳ್ಳಬೇಕಾಗುತ್ತದೆ. ಮನೆ ನೋಡಲು ಹೋದಾಗ ಹಿತ್ತಿಲಲ್ಲೋ ಅಂಗಳದಲ್ಲೋ ಕಾರಣವಿಲ್ಲದ ದಿಬ್ಬ ಕಂಡರೆ ಅದು ಅಲಂಕಾರವಲ್ಲ. ಪಕ್ಕದ ಮನೆಯವರು ಮಾಡಿಸಿದ ಖರ್ಚಿಗೇ ನಮ್ಮದೂ ಆಗುತ್ತದೆ ಎಂಬ ಲೆಕ್ಕ ಈ ನೆಲದಲ್ಲಿ ನಡೆಯುವುದಿಲ್ಲ.

ಗಾತ್ರದ ಲೆಕ್ಕ ಸರಳ. ಬೆಡ್‌ರೂಮಿಗೆ ದಿನಕ್ಕೆ 110 ಗ್ಯಾಲನ್, ಎಂದರೆ 416 ಲೀಟರ್ ಚಿಲ್ಲರೆ. ಜನ ಎಷ್ಟಿದ್ದಾರೆ ಎಂದು ಕೇಳುವುದೇ ಇಲ್ಲ. ನಾಲ್ಕು ಬೆಡ್‌ರೂಮಿಗೆ 440 ಗ್ಯಾಲನ್. ಟ್ಯಾಂಕ್ ಕನಿಷ್ಠ 1500 ಗ್ಯಾಲನ್. ಬೇಗ ಇಂಗುವ ಮರಳು ಮಣ್ಣಿಗೆ ಚದರಡಿಗೆ ದಿನಕ್ಕೆ 0.74 ಗ್ಯಾಲನ್ ಹಾಕಬಹುದು, ಆಗ ಈ 440 ಗ್ಯಾಲನ್ನಿಗೆ ಸುಮಾರು 595 ಚದರಡಿ ಲೀಚ್ ಫೀಲ್ಡ್ ಸಾಕು. ನೀರು ನಿಧಾನ ಇಂಗುವ ನುಣುಪು ಮಣ್ಣಾದರೆ ಅದೇ ಮನೆಗೆ ಎರಡು-ಮೂರು ಪಟ್ಟು ಜಾಗ ಬೇಕಾಗಬಹುದು. ಸಿಂಕಿನಡಿ ಗಾರ್ಬೇಜ್ ಗ್ರೈಂಡರ್ ಬೇಕೆಂದರೆ ಎರಡು ಕೋಣೆಯ ಟ್ಯಾಂಕ್, ಲೀಚ್ ಫೀಲ್ಡ್ ಒಂದೂವರೆ ಪಟ್ಟು. ನಕ್ಷೆಯಲ್ಲಿ ಅದಕ್ಕೆ ಅವಕಾಶ ಇಲ್ಲದ ಮನೆಯಲ್ಲೂ ಗ್ರೈಂಡರ್ ಕೂತಿರುವುದು ಸಾಮಾನ್ಯ. ತೆಂಗಿನಕಾಯಿ ಚರಟ, ಕರಿಬೇವು, ಅನ್ನ, ಸಾರಿನ ಗಸಿ ಎಲ್ಲ ಅದರಲ್ಲಿ ಅರೆದು ಕಳಿಸಿದರೆ ಕೆಡುವುದು ಟ್ಯಾಂಕಲ್ಲ, ಅದರಾಚೆಯ ಮಣ್ಣು.

ಹೆಚ್ಚು ಜನ ಎಡವುವುದು ಬೇಸ್‌ಮೆಂಟ್ ಮೆಟ್ಟಿಲಲ್ಲಿ. ಊರಿಂದ ಅಪ್ಪ-ಅಮ್ಮ ಬಂದು ಆರು ತಿಂಗಳು ಇರುತ್ತಾರೆ, ಕೆಳಗೆ ಒಂದು ರೂಮು, ಒಂದು ಟಿವಿ ಹಾಲ್ ಮಾಡಿಸೋಣ ಎಂದು ಕಟ್ಟಡ ಪರವಾನಗಿಗೆ ಹೋದರೆ ಅರ್ಜಿ ಬೋರ್ಡ್ ಮೇಜಿಗೆ ಬರುತ್ತದೆ. ಟೈಟಲ್ 5 ಪ್ರಕಾರ ಮನೆಯಲ್ಲಿ ಎಂಟಕ್ಕಿಂತ ಹೆಚ್ಚು ಕೋಣೆ ಇದ್ದರೆ, ಬಾತ್‌ರೂಮ್, ಹಜಾರ, ಕೆಲಸ ಮುಗಿಯದ ಬೇಸ್‌ಮೆಂಟ್ ಬಿಟ್ಟು, ಉಳಿದದ್ದರ ಅರ್ಧವೇ ಬೆಡ್‌ರೂಮ್ ಸಂಖ್ಯೆ ಎಂದು ಭಾವಿಸಲಾಗುತ್ತದೆ. ಅಡುಗೆಮನೆ, ಊಟದ ಕೋಣೆ, ಲಿವಿಂಗ್, ಫ್ಯಾಮಿಲಿ, ನಾಲ್ಕು ಬೆಡ್‌ರೂಮ್: ಎಂಟಾಯಿತು, ಗೆರೆಯ ಒಳಗೇ ಇದೆ. ಕೆಳಗೆ ಎರಡು ಸೇರಿದರೆ ಹತ್ತು, ಐದು ಬೆಡ್‌ರೂಮ್, 550 ಗ್ಯಾಲನ್. ಇರುವ ವ್ಯವಸ್ಥೆ 440ರದ್ದು. ‘ಆಫೀಸ್ ರೂಮ್’ ಎಂದು ಹೆಸರು ಕೊಟ್ಟರೆ ಉಳಿಯುವುದಿಲ್ಲ. 70 ಚದರಡಿ, ಕಿಟಕಿ, ಕರೆಂಟು, ಬಾಗಿಲು ಹಾಕಿಕೊಳ್ಳುವ ಏಕಾಂತ ಇದ್ದರೆ ಏಜೆಂಟ್ ಅದನ್ನು ಬೆಡ್‌ರೂಮ್ ಎಂದೇ ಓದುತ್ತಾರೆ. ಬಳಕೆಯ ಪ್ರಮಾಣ ಹೆಚ್ಚಾದ ಕೂಡಲೇ ಹೊಸ ಮನೆಗೆ ಇರುವ ಪೂರ್ತಿ ನಿಯಮ ಅನ್ವಯ, ಹಳೆ ಮನೆಗೆ ಸಿಗುವ ರಿಯಾಯಿತಿ ಇಲ್ಲ. ದಾರಿ ಒಂದಿದೆ: ‘ನಾಲ್ಕೇ ಬೆಡ್‌ರೂಮ್’ ಎಂದು ಆಸ್ತಿ ಪತ್ರದ ಮೇಲೆ ನಿರ್ಬಂಧ ನೋಂದಾಯಿಸುವುದು. ಬೋರ್ಡ್ ಒಪ್ಪಬೇಕು, ಮುಂದೆ ಮಾರುವಾಗ ಅದು ಮನೆಯ ಜತೆಗೇ ಹೋಗುತ್ತದೆ. ಬಾಗಿಲು ತೆಗೆದು ಅಗಲದ ತೆರಪು ಮಾಡಿದರೆ ಕೆಲವು ಊರು ಒಪ್ಪುತ್ತವೆ, ಕೆಲವು ಇಲ್ಲ. ಬಡಗಿಯನ್ನು ಕರೆಯುವ ಮೊದಲು ಏಜೆಂಟ್‌ಗೆ ಮನೆಯ ಪ್ಲ್ಯಾನ್ ತೋರಿಸಿ.

ಹಿತ್ತಿಲಲ್ಲಿ ಸ್ವಂತ ಬೋರ್‌ವೆಲ್ ಇದ್ದರೆ ಇನ್ನೂ ಬಿಗಿ. ಲೀಚ್ ಫೀಲ್ಡ್ ಬಾವಿಯಿಂದ 100 ಅಡಿ, ಟ್ಯಾಂಕ್ 50 ಅಡಿ ದೂರ ಇರಬೇಕು, ನೆರೆಮನೆಯ ಬಾವಿಗೂ ಇದೇ ಲೆಕ್ಕ. ಬಾವಿ-ಸೆಪ್ಟಿಕ್ ಎರಡೂ ಇರುವ ಜಾಗದಲ್ಲಿ ಹೊಸದಾಗಿ ಕಟ್ಟುವಾಗ ಕೊಳೆನೀರಿನ ನೈಟ್ರೋಜನ್ ಕಾರಣಕ್ಕೆ ಎಕರೆಗೆ ದಿನಕ್ಕೆ 440 ಗ್ಯಾಲನ್ ಮಿತಿ, ಇಲ್ಲಿ ಎಕರೆ ಎಂದರೆ 40,000 ಚದರಡಿ. ನೆಲಮಾಳಿಗೆ ಗೋಡೆಯಿಂದ ಲೀಚ್ ಫೀಲ್ಡ್ 20 ಅಡಿ, ಟ್ಯಾಂಕ್ 10 ಅಡಿ. ಜೌಗು ಪ್ರದೇಶದಿಂದ ರಾಜ್ಯ ಕೇಳುವುದು 50 ಅಡಿ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಊರಿಗಿದೆ, ಎಷ್ಟೋ ಊರುಗಳು ಕೇಳುತ್ತವೆ. ರಾಜ್ಯದ ನಿಯಮವನ್ನಷ್ಟೇ ಓದಿ ಜಾಗ ಕೊಳ್ಳಬೇಡಿ, ಊರಿನ ಪ್ರತ್ಯೇಕ ನಿಯಮಾವಳಿ ಕೇಳಿ ಪಡೆಯಿರಿ.

ಕಾಮಗಾರಿಯ ನಿಗಾಕ್ಕೆ ನಾಲ್ಕು ಅಂಕ. ನಕ್ಷೆ ಬರೆಯುವವರು ನೋಂದಾಯಿತ ಎಂಜಿನಿಯರ್ ಅಥವಾ ಸ್ಯಾನಿಟೇರಿಯನ್ (ನೈರ್ಮಲ್ಯ ತಜ್ಞರು), ಅಗೆಯುವವರಿಗೆ ಆ ಊರಿನದೇ ಇನ್‌ಸ್ಟಾಲರ್ ಲೈಸೆನ್ಸ್. ಮುಚ್ಚುವ ಮೊದಲು ಬೋರ್ಡ್ ಬಂದು ನೋಡಲೇಬೇಕು. ಒಳ್ಳೆಯ ಏಜೆಂಟ್ ತಳ ತೆರೆದಾಗ ಒಮ್ಮೆ ಬಂದು ನಕ್ಷೆಯ ಮಣ್ಣೇ ಸಿಕ್ಕಿದೆಯೇ ನೋಡುತ್ತಾರೆ, ಪೈಪು-ಕಲ್ಲು ಕೂತ ಮೇಲೆ ಇನ್ನೊಮ್ಮೆ ಬಂದು ಟ್ಯಾಂಕಿನ ನೀರನ್ನು ಪೈಪಿನ ಸಾಲುಗಳಿಗೆ ಹಂಚುವ ವಿತರಣಾ ಪೆಟ್ಟಿಗೆಗೆ ನೀರು ಸುರಿಸಿ ಎಲ್ಲ ಬಾಯಿಂದಲೂ ಸಮನಾಗಿ ಹರಿಯುತ್ತದೆಯೇ ಪರೀಕ್ಷಿಸುತ್ತಾರೆ. ಪೆಟ್ಟಿಗೆ ವಾಲಿದರೆ ಒಂದೇ ಸಾಲಿಗೆ ನೀರು ನುಗ್ಗಿ ಅದು ಮೊದಲು ಕಟ್ಟಿಕೊಳ್ಳುತ್ತದೆ. ಮಳೆ ಬಿದ್ದ ಮಾರನೆಯ ದಿನ ನುಣುಪು ಮಣ್ಣು ಅಗೆದರೆ, ಅಥವಾ ತೆರೆದ ತಳದ ಮೇಲೆ ಯಂತ್ರ ಓಡಿಸಿದರೆ ಮಣ್ಣಿನ ರಂಧ್ರ ಮುಚ್ಚಿಹೋಗುತ್ತದೆ, ಪರ್ಕ್ ಟೆಸ್ಟಿನ ಅಂಕಿ ಎಷ್ಟೇ ಚೆನ್ನಾಗಿದ್ದರೂ ಉಪಯೋಗವಿಲ್ಲ. ಒಂದು ಅಂಕ ಕಡಿದದ್ದು ಊರಿಂದೂರಿಗೆ ಇರುವ ವ್ಯತ್ಯಾಸಕ್ಕೆ. ಸಣ್ಣ ಊರಲ್ಲಿ ಏಜೆಂಟ್ ಅರೆಕಾಲಿಕ, ದಿನ ಸಿಗುವುದೇ ಕಷ್ಟ. ಕೆಲವು ಊರು ಮಣ್ಣು ಪರೀಕ್ಷೆಗೆ ವಸಂತದ ಕೆಲವು ವಾರಗಳನ್ನೇ ಕೊಡುತ್ತವೆ.

ಇನ್ನು ಎರಡೂವರೆಯ ಕಥೆ. ಮನೆ ಮಾರುವ ಮೊದಲು ಟೈಟಲ್ 5 ತಪಾಸಣೆ ಕಡ್ಡಾಯ. ವರದಿ ಎರಡು ವರ್ಷ ನಡೆಯುತ್ತದೆ, ವರ್ಷವರ್ಷ ಟ್ಯಾಂಕ್ ಖಾಲಿ ಮಾಡಿಸಿದ ರಸೀದಿ ಇದ್ದರೆ ಮೂರು. ಫಲಿತಾಂಶ ನಾಲ್ಕು ಬಗೆ: ಪಾಸ್, ಷರತ್ತಿನ ಪಾಸ್, ಬೋರ್ಡ್ ಇನ್ನಷ್ಟು ನೋಡಬೇಕು, ಫೇಲ್. ಮನೆಯೊಳಕ್ಕೆ ಕೊಳೆನೀರು ಉಕ್ಕಿದರೆ, ನೆಲದ ಮೇಲೆ ಹರಿದರೆ, ವಿತರಣಾ ಪೆಟ್ಟಿಗೆಯಲ್ಲಿ ನೀರು ಹೊರಹೋಗುವ ಪೈಪಿಗಿಂತ ಮೇಲೆ ನಿಂತಿದ್ದರೆ, ಪೈಪ್ ಕಟ್ಟಿಕೊಳ್ಳದೆಯೂ ಒಂದೇ ವರ್ಷದಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಖಾಲಿ ಮಾಡಿಸಿದ್ದರೆ, ಲೀಚ್ ಫೀಲ್ಡ್ ಜಲಮಟ್ಟಕ್ಕಿಂತ ಕೆಳಗಿದ್ದರೆ ಫೇಲ್. ಸವೆದು ಹಾಳಾದ ಕಾಂಕ್ರೀಟ್ ವಿತರಣಾ ಪೆಟ್ಟಿಗೆಯಂಥವು ಷರತ್ತಿನ ಪಾಸ್‌ಗೆ ಬರುತ್ತವೆ, ಬದಲಿಸಿದರೆ ಸಾಕು.

ದೌರ್ಬಲ್ಯ ಇಲ್ಲೇ ಇದೆ. ತಪಾಸಕರು ಮಾನ್ಯತೆ ಪಡೆದವರೇ, ಆದರೆ ಗೊತ್ತುಮಾಡಿ ಹಣ ಕೊಡುವವರು ಸಾಮಾನ್ಯವಾಗಿ ಮಾರುವವರು. ವರದಿ ಹೇಳುವುದು ಅಂದಿನ ಸ್ಥಿತಿ ಮಾತ್ರ. ಇಬ್ಬರು ವೃದ್ಧರಿದ್ದ ಮನೆಯಲ್ಲಿ ಪಾಸಾದದ್ದು ಆರು ಜನ, ದಿನಕ್ಕೆರಡು ಲೋಡ್ ಬಟ್ಟೆ ಬಂದ ಮೇಲೆ ಕೈಕೊಡಬಹುದು. ಹಿಂದಿನ ಎರಡು ವಾರ ಎಂದಿನಂತೆ ನೀರು ಹರಿದಿದೆಯೇ ಎಂಬ ಪ್ರಶ್ನೆ ವರದಿಯ ನಮೂನೆಯಲ್ಲಿದೆ. ಮೊದಲು ಆ ಸಾಲು ನೋಡಿ, ಆಮೇಲೆ ಟ್ಯಾಂಕ್ ಯಾವಾಗ ಖಾಲಿ ಮಾಡಿಸಿದ್ದು ಎಂಬ ಸಾಲು. ಮನೆ ಖಾಲಿ ಇದ್ದು, ಟ್ಯಾಂಕ್ ಕಳೆದ ವಾರ ಬರಿದು ಮಾಡಿದ್ದರೆ ‘ಪಾಸ್’ಗೆ ಅರ್ಥ ಕಡಿಮೆ.

ಅದಕ್ಕೇ ಕಡತ ಮೇಲು ಎನ್ನುವುದು. ಬೋರ್ಡಿನ ಕಡತ ಸಾರ್ವಜನಿಕ ದಾಖಲೆ. ಲಿಖಿತವಾಗಿ ಕೇಳಿದರೆ 10 ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ಕೇಳಬೇಕಾದದ್ದು: ಮಣ್ಣಿನ ದಾಖಲೆ, ನಿರ್ಮಾಣ ಪರವಾನಗಿ, ಕಟ್ಟಿದ ಮೇಲಿನ ನಕ್ಷೆ, ಕೆಲಸ ನಿಯಮದಂತೆ ಆಗಿದೆ ಎಂಬ ಸರ್ಟಿಫಿಕೇಟ್ ಆಫ್ ಕಂಪ್ಲಯನ್ಸ್, ರಿಯಾಯಿತಿ ಕೊಟ್ಟಿದ್ದರೆ ಲೋಕಲ್ ಅಪ್‌ಗ್ರೇಡ್ ಅಪ್ರೂವಲ್, ಟ್ಯಾಂಕ್ ಖಾಲಿ ಮಾಡಿಸಿದ ದಾಖಲೆಗಳು. ಮಾರಾಟದ ಜಾಹೀರಾತಿನಲ್ಲಿ ಐದು ಬೆಡ್‌ರೂಮ್, ಪರವಾನಗಿಯಲ್ಲಿ ಮೂರು ಎಂದಿದ್ದರೆ ಚೌಕಾಸಿ ಅಲ್ಲಿಂದ ಶುರು. ಜಲಮಟ್ಟದ ಅಂತರವನ್ನು 4ರಿಂದ 3 ಅಡಿಗೆ ಇಳಿಸಿ ಒಪ್ಪಿದ್ದರೆ ಆ ಮನೆಗೆ ಮುಂದೆ ಕೋಣೆ ಸೇರಿಸುವ ಆಸೆ ಬಿಡಿ.

ಫೇಲ್ ಆದ ಮನೆಯನ್ನೂ ಮಾರಬಹುದು. ನಿಯಮ ತಡೆಯುವುದಿಲ್ಲ, ಬ್ಯಾಂಕ್ ತಡೆದೀತು. ಸರಿಪಡಿಸಲು ಸಾಮಾನ್ಯವಾಗಿ ಎರಡು ವರ್ಷ, ಅಪಾಯ ಕಂಡರೆ ಬೋರ್ಡ್ ಇನ್ನೂ ಬೇಗ ಮಾಡಿ ಎನ್ನಬಹುದು. ಖರ್ಚು ಹತ್ತಾರು ಸಾವಿರ ಡಾಲರ್. ಊರಿನ ಬೆಟರ್‌ಮೆಂಟ್ ಸಾಲ ಸಿಗುವ ಕಡೆ ಅದನ್ನು ಆಸ್ತಿ ತೆರಿಗೆಯ ಬಿಲ್ಲಿನೊಂದಿಗೆ ತೀರಿಸಬಹುದು. ವಾಸದ ಮನೆಯಾದರೆ 2023ರಿಂದ ಕಟ್ಟಬೇಕಾದ ರಾಜ್ಯದ ಆದಾಯ ತೆರಿಗೆಯಲ್ಲಿ ಖರ್ಚಿನ ಶೇ. 60ರಷ್ಟು ಕಳೆದುಕೊಳ್ಳಬಹುದು, 30,000 ಡಾಲರ್ ಖರ್ಚಿನವರೆಗೆ, ಅಂದರೆ ಒಟ್ಟು 18,000. ವರ್ಷಕ್ಕೆ ಗರಿಷ್ಠ 4,000. ಬಾಡಿಗೆಗೆ ಕೊಟ್ಟ ಮನೆಗೆ ಇಲ್ಲ. ಇದಕ್ಕಿರುವ ತೆರಿಗೆ ನಮೂನೆ ಶೆಡ್ಯೂಲ್ ಎಸ್‌ಸಿ ತುಂಬುವಾಗ ಬೋರ್ಡ್ ಕೊಟ್ಟ ಸರ್ಟಿಫಿಕೇಟ್ ಆಫ್ ಕಂಪ್ಲಯನ್ಸ್ ಬೇಕು. ಎಂಜಿನಿಯರ್ ಮತ್ತು ಇನ್‌ಸ್ಟಾಲರ್ ಇಬ್ಬರೂ ಸಹಿ ಮಾಡಿ ಕೊಡುವವರೆಗೆ ಬೋರ್ಡ್ ಅದನ್ನು ಹೊರಡಿಸುವುದಿಲ್ಲ. ಹಾಗಾಗಿ ಇನ್‌ಸ್ಟಾಲರ್‌ಗೆ ಕೊನೆಯ ಕಂತು ಕೊಡುವುದು ಆ ಸಹಿ ಬಿದ್ದ ಮೇಲೆಯೇ.