ಎಂಟು ವಾರದ ಉಚಿತ ಧ್ಯಾನ ಕೋರ್ಸ್: ಪಾಳಿ ಕೆಲಸ ಮಾಡುವವಳ ಅನುಭವ

ಆತಂಕ ಇರುವವರಿಗೆ ‘ಸುಮ್ನೆ ಕೂತು ಧ್ಯಾನ ಮಾಡು’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಣ್ಣು ಮುಚ್ಚಿದ ಕೂಡಲೇ ಎದೆ ಇನ್ನೂ ಜೋರಾಗಿ ಹೊಡೆದುಕೊಂಡರೆ ಏನು ಮಾಡಬೇಕು? ಪಲೂಸ್ ಮೈಂಡ್‌ಫುಲ್‌ನೆಸ್ ಎಂಬ ಆನ್‌ಲೈನ್ ಕೋರ್ಸ್ ನನಗೆ ಹಿಡಿಸಿದ್ದು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ.

ಎಂಟು ವಾರದ ಕೋರ್ಸ್, ಪೂರ್ತಿ ಉಚಿತ. ಪ್ರತಿ ವಾರಕ್ಕೂ ಕೆಲವು ವಿಡಿಯೊ, ಓದಲು ಒಂದಷ್ಟು ಲೇಖನ, ಕೇಳುತ್ತಾ ಮಾಡಲು ಧ್ಯಾನದ ಆಡಿಯೊ, ತುಂಬಿಸಲು ಅಭ್ಯಾಸದ ಹಾಳೆ. ರೂಪಿಸಿದವರು ಡೇವ್ ಪಾಟರ್. ಇದಕ್ಕೆ ಆಧಾರ ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್-ಬೇಸ್ಡ್ ಸ್ಟ್ರೆಸ್ ರಿಡಕ್ಷನ್), ಅಂದರೆ ಈ ಕ್ಷಣಕ್ಕೆ ಗಮನ ಕೊಡುವ ಅಭ್ಯಾಸದಿಂದ ಒತ್ತಡ ಇಳಿಸುವ ಕಾರ್ಯಕ್ರಮ. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಅದನ್ನು ಶುರು ಮಾಡಿದರು. ಔಷಧಿಗೆ ಪೂರ್ತಿ ಬಗ್ಗದ ದೀರ್ಘಕಾಲದ ನೋವಿದ್ದವರೂ ಅಲ್ಲಿಗೆ ಬರುತ್ತಿದ್ದರು. ನೋವು ಹೋಗಲಿ ಅಂತ ಕಾಯುತ್ತಾ ಕೂರುವ ಬದಲು, ನೋವಿದ್ದಾಗಲೇ ಗಮನವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದೇ ಅಲ್ಲಿನ ಪಾಠ. ಆತಂಕಕ್ಕೂ ಅದೇ ಪಾಠ ಹೊಂದುತ್ತದೆ.

ಮೊದಲ ವಾರಗಳಲ್ಲಿ ಮುಖ್ಯವಾಗಿ ಬಾಡಿ ಸ್ಕ್ಯಾನ್. ಸುಮಾರು ಅರ್ಧ ಗಂಟೆ ಮಲಗಿಕೊಂಡು ದೇಹದ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಹೋಗುವುದು. ಎದೆಯ ಹತ್ತಿರ ಬಂದಾಗ ನನಗೆ ಬಿಗಿತ ಜಾಸ್ತಿಯೇ ಆಗುತ್ತಿತ್ತು. ಬಿಗಿತವನ್ನು ಓಡಿಸಬೇಕಿಲ್ಲ, ಎಲ್ಲಿದೆ, ಎಷ್ಟು ಅಗಲ, ಉಸಿರು ಬಿಟ್ಟಾಗ ಬದಲಾಗುತ್ತದೆಯೇ ಅಂತ ನೋಡಿದರೆ ಸಾಕು ಎಂಬುದು ನಿಧಾನವಾಗಿ ಅರ್ಥವಾಯಿತು. ಹಾಗೆ ನೋಡುತ್ತಾ ಹೋದಂತೆ ಅದು ‘ಏನೋ ಆಗಿಬಿಡುತ್ತದೆ’ ಎಂಬ ಭಯದಿಂದ ಬೇರೆಯಾಯಿತು. ಬಿಗಿತ ಬಿಗಿತವಾಗಿ ಉಳಿಯಿತು, ಅಷ್ಟೇ. ನನ್ನ ಮಟ್ಟಿಗೆ ಇಡೀ ಕೋರ್ಸಿನ ಬೆಲೆ ಇಲ್ಲೇ ಇದೆ.

ತೀರಾ ಕಷ್ಟವಾದರೆ ಎದೆಯನ್ನು ಬಿಟ್ಟು ಪಾದಗಳಿಗೋ, ಸುತ್ತಲಿನ ಶಬ್ದಕ್ಕೋ ಗಮನ ಬದಲಿಸಿ. ಕಣ್ಣು ತೆರೆದುಕೊಂಡೇ ಮಾಡಿದರೂ ತಪ್ಪಿಲ್ಲ. ಹಿಂದೆ ದೊಡ್ಡ ಆಘಾತ ಕಂಡವರಿಗೆ ದೇಹದ ಮೇಲೆ ಇಷ್ಟು ಹೊತ್ತು ಗಮನ ಇಡುವುದು ಭಯವನ್ನು ಕೆರಳಿಸಬಹುದು. ಅವರು ಒಬ್ಬರೇ ಆಡಿಯೊ ಹಾಕಿಕೊಂಡು ಕೂರುವ ಮೊದಲು ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಹತ್ತಿರ ಮಾತಾಡಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಇನ್ನು ದಿನವೂ ಮಾಡುವ ವಿಷಯ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಪಾಳಿ ಮೇಲೆ ಕೆಲಸ ಮಾಡುತ್ತೇನೆ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ರಾತ್ರಿ. ‘ಬೆಳಿಗ್ಗೆ ಆರಕ್ಕೆ ಎದ್ದು ಕೂತ್ಕೊಳ್ಳಿ’ ಎಂಬ ಸಲಹೆ ನನ್ನಂಥವರ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಗಡಿಯಾರ ಬಿಟ್ಟು ಒಂದು ಕೆಲಸಕ್ಕೆ ಅಂಟಿಸಿಕೊಂಡೆ. ಪಾಳಿ ಮುಗಿಸಿ ಬಂದು, ಬಟ್ಟೆ ಬದಲಿಸಿ, ಮುಖ ತೊಳೆದ ಮೇಲೆ ಧ್ಯಾನ. ಅದು ಹಗಲೋ ರಾತ್ರಿಯೋ, ಪರವಾಗಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಅಭ್ಯಾಸ ಹೇಗೆ ಬೇರೂರುತ್ತದೆ ಅಂತ ನೋಡಿದಾಗಲೂ, ಜನರಿಗೆ ಹೊಸ ಕೆಲಸವನ್ನು ದಿನಚರಿಯ ಒಂದು ಸಂದರ್ಭಕ್ಕೆ ಜೋಡಿಸಿಕೊಳ್ಳಲು ಹೇಳಿದ್ದರು. ಅದು ತಾನಾಗಿ ನಡೆಯುವಂತಾಗಲು ಹಿಡಿದದ್ದು ಸರಾಸರಿ 66 ದಿನ. ಆದರೆ ವ್ಯತ್ಯಾಸ ನೋಡಿ, 18ರಿಂದ 254 ದಿನದವರೆಗೆ! ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ ಎಂಬುದೂ ಗೊತ್ತಾಯಿತು. ಆತಂಕದವರು ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಂದು ದಿನ ತಪ್ಪಿದರೆ ‘ನನ್ನ ಕೈಲಿ ಇದೂ ಆಗಲ್ಲ’ ಅಂತ ಕೊರಗುವುದು ನಮಗೆ ಬಹಳ ಬೇಗ ಬರುತ್ತದೆ, ಅಲ್ವಾ?

ಹಾಳೆ ತುಂಬಿಸುವುದನ್ನು ಬಿಡಬೇಡಿ. ಎರಡೇ ಸಾಲು ಬರೆದರೂ ಸಾಕು. ನನ್ನ ಹಾಳೆಗಳನ್ನು ಒಟ್ಟಿಗೆ ಓದಿದಾಗಲೇ, ರಾತ್ರಿ ಪಾಳಿಯ ಎರಡನೇ ದಿನ ನನ್ನ ಆತಂಕ ಏರುತ್ತದೆ ಎಂಬುದು ಕಣ್ಣಿಗೆ ಬಿತ್ತು. ಈಗ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.

ಕೋರ್ಸಿನ ಒಂದು ಸಣ್ಣ ಅಭ್ಯಾಸವನ್ನು ಲ್ಯಾಬಿನಲ್ಲೂ ಮಾಡುತ್ತೇನೆ. ನಿಲ್ಲು, ಒಂದು ಉಸಿರು ತೆಗೆದುಕೋ, ಏನಾಗುತ್ತಿದೆ ನೋಡು, ಮುಂದುವರಿ. ಒಂದು ನಿಮಿಷ ಸಾಕು. ತುರ್ತು ಸ್ಯಾಂಪಲ್‌ಗಳು ಒಟ್ಟಿಗೆ ಬಂದಾಗ ಕೈ ನಡುಗದಂತೆ ಇದು ಕಾಪಾಡಿದೆ.

ಯಾರಿಗೆ ಕಷ್ಟ? ವಿವರಣೆಯೆಲ್ಲ ಇಂಗ್ಲಿಷಿನಲ್ಲಿ ಕೇಳಿ ಓದಿ ಅಭ್ಯಾಸವಿಲ್ಲದವರಿಗೆ. ಎದುರಿಗೆ ಗುರು ಇರಲೇಬೇಕು ಅನ್ನುವವರಿಗೂ ಅಷ್ಟೆ, ಇಲ್ಲಿ ನಿಮ್ಮ ವೇಗ ನಿಮ್ಮದೇ, ಒತ್ತಾಯಿಸುವವರು ಇಲ್ಲ.

ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಒಂದು ಮಾತು. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆತಂಕದ ಕಾಯಿಲೆಯಿದ್ದ 276 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂಬಿಎಸ್‌ಆರ್, ಇನ್ನೊಂದಕ್ಕೆ ಎಸಿಟಾಲೊಪ್ರಾಮ್ ಮಾತ್ರೆ ಕೊಟ್ಟರು. ಎಂಟು ವಾರದ ನಂತರ ಎರಡೂ ಕಡೆ ಆತಂಕ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿದಿತ್ತು. ಸಂತೋಷದ ಸುದ್ದಿಯೇ. ಆದರೆ ಅವರು ಕಲಿತದ್ದು ತರಬೇತಾದ ಶಿಕ್ಷಕರ ಎದುರು ವಾರವಾರ ಕೂತು. ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯ ಅಭ್ಯಾಸವೂ ಇತ್ತು. ಇದನ್ನು ಓದಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿ.

ಶುರು ಮಾಡುವವರು ಮೊದಲ ವಾರದ ಬಾಡಿ ಸ್ಕ್ಯಾನ್‌ನಿಂದಲೇ ಹಿಡಿಯಿರಿ. ಪಾಳಿ ಮುಗಿಸಿ ಬಂದು ಮಲಗಿದರೆ ನಿದ್ದೆ ಬಂದುಬಿಡುತ್ತದೆ. ಅಂಥ ದಿನ ಕುರ್ಚಿಯಲ್ಲಿ ಕೂತು ಮಾಡಿ.